ಟಗರಿನ ತೂಕದ ಮರಿ

ನಮ್ಮ ಸೋದರತ್ತೆಗೆ ತಮ್ಮ ಹೆಸರಿನ ಮೇಲೂ ನಂಬಿಕೆಯಿಲ್ಲ. ಆಧಾರ್ ಕಾರ್ಡು ನೋಡಿಕೊಂಡೇ ಹೇಳುವವರು. ಸಾರಿಗೆ ಉಪ್ಪು ಹಾಕಿ, ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ರುಚಿ ನೋಡುತ್ತಾರೆ.

"ಅತ್ತಿ, ಉಪ್ಪು ಈಗ ಹಾಕಿದ್ಯಲ್ಲ?"

"ಅದು ನನ್ನ ತಲ್ಯಾಗಿನ ಮಾತು. ಸಾರಿನ ಮಾತು ಸಾರಿಗೇ ಕೇಳಬೇಕು."

ಈ ದನಿಯನ್ನು ಅಣಕಿಸಿಯೇ ನಾನು ನಮ್ಮೂರು ತಿಕೋಂಡಿಯ ಅರ್ಧ ಮನೆಗಳಲ್ಲಿ ಚಹಾ ಕುಡಿದಿದ್ದೇನೆ.

ಅತ್ತೆಯ ಕಸುಬು ತೂಕದ ಕಾಟಾ ದುರಸ್ತಿ. ಹೋದ ವರ್ಷ ಕುರಿ ಕಾಯುವ ಬೀರಪ್ಪಜ್ಜ ತೂಕ ನೋಡದೆ ಕಣ್ಣಳತೆಯಲ್ಲಿ ಜಂತಿನ ಔಷಧ ಹಾಕಿ, ಅದು ಹೆಚ್ಚಾಗಿ ಎರಡು ಮರಿ ಸತ್ತವು. ಅಂದಿನಿಂದ ಅತ್ತೆ, ಕುಣಿಯುವ ಕುರಿಯನ್ನೂ ತೂಗುವ ಕಾಟಾವನ್ನು ಪುಟ್ಟ ಪ್ರೊಸೆಸರ್ ಹಾಕಿ ತಾವೇ ಕಟ್ಟತೊಡಗಿದರು. ಕಟ್ಟಿದರು ಕೂಡ! ಮೊದಲು ಅಜ್ಜನ ಟಗರು ಹತ್ತಿತು: ನಲವತ್ತು ಕಿಲೋ. ಹಿಂದೆಯೇ ಮರಿ ಹತ್ತಿತು: ನಲವತ್ತು ಕಿಲೋ.

"ಏನವ್ವಾ, ಮರಿ ಟಗರನ್ನ ನುಂಗೇತೇನು?" ಎಂದ ಅಜ್ಜ. ನಾನು ಆ ಮರಿ ತೇಗುವುದನ್ನು ಮಾಡಿ ತೋರಿಸಿದೆ. ಅತ್ತೆ ನಗಲಿಲ್ಲ.

"ನಾ ಔಷಧ ಕಣ್ಣಳತೀಲೇ ಹಾಕ್ತೀನಿ ಬಿಡು," ಎಂದ ಅಜ್ಜ.

"ಎರಡ ದಿನ ತಡೀರಿ ಅಜ್ಜಾ," ಎಂದು ಅತ್ತೆ ಮರಿಯನ್ನು ಅವಚಿಕೊಂಡೇ ಕೂತರು.

ಸೆನ್ಸರ್, ತಂತಿ, ಕಾಟಾದ ಕಾಲು ಎಲ್ಲ ಬಿಚ್ಚಿದರು. ಎಲ್ಲವೂ ಗಟ್ಟಿ. ಮರುದಿನ ಸಂಜೆ ನನ್ನನ್ನು ಕೂಗಿದರು.

"ಕಾಟಾ ಖರೇನ ಹೇಳತೈತೋ. ಹೊಸಾ ತೂಕ ಪ್ರೊಸೆಸರಿಗೆ ಹೇಳದೆ ಸೀದಾ ಮೆಮೊರಿಗೆ ಹೋಗಿ ಕುಂದರತೈತಿ. ಪ್ರೊಸೆಸರ್ ಮಗ್ಗಲದಾಗ ಕ್ಯಾಶ್ ಅಂತ ಸಣ್ಣ ಜಾಗಾ. ಲಗೂನ ಸಿಗಲಿ ಅಂತ ಟಗರಿನ ತೂಕದ ನಕಲು ಅಲ್ಲಿ ಇಟಗೊಂಡೈತಿ. ಅದನ್ನ ನೋಡೇ ಮತ್ತ ಮತ್ತ ಹೇಳತೈತಿ."

"ಥೇಟ್ ಯಾರಂಗ ಅತ್ತಿ?"

"ನಿನ್ನಂಗ. ಒಂದ ಸಲ ಕೇಳಿದ್ದನ್ನ ವರ್ಷಗಟ್ಟಲೆ ಊರಿಗೆ ಸಾರತೀ."

ಒಂದೇ ಸಾಲು ಸೇರಿಸಿದರು: ಹೊಸ ತೂಕ ಬಂದೊಡನೆ ಹಳೆಯ ನಕಲನ್ನು ಬಿಸಾಡು, ಮೆಮೊರಿಗೆ ಹೋಗಿ ಓದು. ಜತ್ತ ತಾಲೂಕಿನಲ್ಲಿ ಪ್ರೊಸೆಸರಿಗೇ ಉಪ್ಪು ನೋಡಲು ಕಲಿಸಿದ ಹೆಂಗಸು ನಮ್ಮತ್ತೆಯಲ್ಲದೆ ಇನ್ಯಾರಿದ್ದಾರೆ? ಅಸಂಗಿ ಊರಿನವರೆಗೂ ಹೇಳಿ ಬಂದೆ, ಕೇಳದವರಿಗೂ.

ಅಜ್ಜ ಮತ್ತೆ ಬಂದ. ಟಗರು: ನಲವತ್ತು. ಮರಿ: ಒಂಬತ್ತು.

ಅಜ್ಜ ಔಷಧದ ಪಿಚಕಾರಿ ಹೊರತೆಗೆದ.

"ನನ್ನ ಕಣ್ಣಿಗೆ ಹದಿನಾಲ್ಕ ಕಿಲೋ ಕಂಡಿತ್ತವ್ವಾ," ಎಂದ. "ಹೋದ ವರ್ಷನೂ ಹಿಂಗ ಕಂಡಿತ್ತು."

ಪಿಚಕಾರಿಯನ್ನು ಅತ್ತೆಯ ಕೈಗಿಟ್ಟ. ಅತ್ತೆ ಒಂಬತ್ತು ಕಿಲೋಗೆ ಬೇಕಾದಷ್ಟೇ ಔಷಧ ಅಳೆದುಕೊಂಡರು. ನಾನು ಕೆಳಗೆ ಕೂತು, ಮರಿಯ ಗದ್ದ ಹಿಡಿದುಕೊಂಡೆ.