ಕಾಕಿ ಕರೆದಲ್ಲಿಗೆಲ್ಲ ಬಂದ ಬೀಗರು

ಏನೂ ಆಗದೆ ಸುಮ್ಮನೆ ತಿರುಗಾಡಿ ಮನೆಗೆ ಬರುವ ಪದ್ಧತಿ ನಮ್ಮವರಿಗಿಲ್ಲ. ನಾನು ನಾರಾಯಣಪೇಟೆಯಲ್ಲಿ ಕನ್ನಡ ಶಾಲೆಯ ಮಾಸ್ತರ. ತೆಲಂಗಾಣ ರಾಜ್ಯವಾದ ಮೇಲೆ ನಮ್ಮ ಕಡೆ ಹಳ್ಳಿಗಳಲ್ಲೂ ಜಾನಪದ ಹಬ್ಬಗಳು ಶುರುವಾದವು, ಹಳೆಯ ಸಾಮಾನಿನ ಮ್ಯೂಸಿಯಂಗಳೂ ಎದ್ದವು. ನನಗೆ ಅವುಗಳ ಹುಚ್ಚು. ಉಟ್ಕೂರಿನ ನಮ್ಮ ಕಾಕಿಗೆ ಮಗಳ ಮದುವೆಯ ಹುಚ್ಚು.

ಮಗಳು, ಅಂದರೆ ನನ್ನ ತಂಗಿ, ಮಖ್ತಲ್‌ನಲ್ಲಿ ನರ್ಸು. "ಚಾದ ತಟ್ಟಿ ಹಿಡ್ಕೊಂಡು ಮಂದಿ ಮುಂದ ನಿಲ್ಲಾಕ ನಾನೇನು ಸಂತ್ಯಾಗಿನ ಕುರಿ ಅಲ್ಲ" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದಳು. ಕಾಕಿ ಸೋಲುವ ಪೈಕಿಯಲ್ಲ. "ಅಣ್ಣನ ಕೂಡ ಹಳೇದೆಲ್ಲ ನೋಡಾಕ ಹೋಗೂಣ ಬಾ" ಎಂದು ಮಗಳನ್ನು ಹೊರಡಿಸಿ, ಗಂಡಿನ ಕಡೆಯವರನ್ನು ಗುಟ್ಟಾಗಿ ಅಲ್ಲಿಗೇ ಕರೆಸತೊಡಗಿದಳು. ಮಗಳು ಹೀಗೇ ಉಳಿದುಬಿಡುತ್ತಾಳೆಂಬ ಚಿಂತೆಗೆ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ನೀಲಿ ಅಂಗಿ

ಮೊದಲು ಗದ್ವಾಲ ಕೋಟೆ. "ಹುಡುಗ ನೀಲಿ ಅಂಗಿ ಹಾಕ್ಕೊಂಡಿರ್ತಾನ" ಎಂದು ಮಧ್ಯಸ್ಥ ಫೋನಿನಲ್ಲಿ ಹೇಳಿದ್ದ. ಕೋಟೆಯ ಬಾಗಿಲಲ್ಲಿ ತಾಯಿಯ ಜೊತೆ ನಿಂತ ನೀಲಿ ಅಂಗಿ ಕಂಡದ್ದೇ ತಡ, ಕಾಕಿ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. "ನಾಚಬ್ಯಾಡ್ರಿ, ಇನ್ನೊಂದು ತಗೋರಿ" ಎಂದು ಬಡಿಸಿದ್ದೇ ಬಡಿಸಿದ್ದು. ಹುಡುಗನಾಗಲಿ ಅವನ ತಾಯಿಯಾಗಲಿ ಒಲ್ಲೆ ಅನ್ನಲಿಲ್ಲ.

"ನಮ್ಮ ಹುಡುಗಿ ಹೆಂಗ ಅನಸ್ತಾಳ್ರಿ?" ಎಂದು ಕಾಕಿ, ಆಚೆ ನಿಂತಿದ್ದ ತಂಗಿಗೆ ಕೇಳದ ಹಾಗೆ, ಮೆಲ್ಲಗೆ ವಿಚಾರಿಸುವ ಹೊತ್ತಿಗೆ, ಫೋಟೊ ತೆಗೆಯಲು ಹೋಗಿದ್ದ ಹುಡುಗನ ಹೆಂಡತಿ ಬಂದಳು. ಅವರು ರಾಯಚೂರಿನಿಂದ ಕೋಟೆ ನೋಡಲು ಬಂದವರು! ನಮಗಾಗಿ ಬಂದಿದ್ದ ಬೀಗರು ಬುರುಜಿನ ಆಚೆ ಹಸಿದು ಕೂತು, ಸಿಟ್ಟಾಗಿ ಹೊರಟೇ ಹೋಗಿದ್ದರು. ಆ ಹೆಂಡತಿ ಖಾಲಿ ಬುತ್ತಿಯನ್ನೊಮ್ಮೆ ನೋಡಿ, "ಅವ್ವಾರ, ನನಗೇನೂ ಉಳಿಸಿಲ್ಲೇನ್ರಿ?" ಎಂದಳು.

ಕಂಬಳಿಯ ಮೇಲೆ

ಆಮೇಲೆ ನಾರ್ವದ ಕಡೆ ಒಂದು ಹಳ್ಳಿಯ ಜಾನಪದ ಹಬ್ಬ. ಅಲ್ಲಿಗೆ ಕಾಕಿ ಇನ್ನೊಬ್ಬ ಹುಡುಗನ ಕಡೆಯವರನ್ನು ಕರೆಸಿದ್ದಳು. ನಾವು ಕುರುಬರು, ಬೀರಪ್ಪ ದೇವರ ಒಕ್ಕಲು. ಕಂಬಳಿ ಹಾಸಿ ಭಂಡಾರದ ಅರಿಶಿನ ಚೆಲ್ಲಿದರೆ, ಹಿರಿಯರು ಚಪ್ಪಲಿ ಬಿಟ್ಟು ಅದರ ಮೇಲೆ ಕೂತು ಮಾತು ಮುಗಿಸಿಯೇ ಏಳಬೇಕು. ಅಲ್ಲಿ ವೇದಿಕೆಯ ಮೇಲೆ ಅತಿಥಿಗಳಿಗೆಂದು ಕರಿ ಕಂಬಳಿ ಹಾಸಿ, ಚಂದ ಕಾಣಲೆಂದು ಭಂಡಾರವನ್ನೂ ಚೆಲ್ಲಿದ್ದರು. ಅದನ್ನು ಕಂಡ, ನಮ್ಮ ಜೊತೆ ಬಂದಿದ್ದ ಕಾಕಾ ಮತ್ತು ಹುಡುಗನ ಅಪ್ಪ ಹಿಂದೆಮುಂದೆ ನೋಡದೆ ಹತ್ತಿ ಕೂತರು. ಇವರೇ ಅತಿಥಿಗಳೆಂದು ಸಂಘಟಕರು ಹಾರ ಹಾಕಿ, ಮುಂದೆ ಮೈಕು ಇಟ್ಟರು. ಇಬ್ಬರೂ ಮೈಕಿನ ಗೊಡವೆಗೆ ಹೋಗದೆ ಸಂಬಂಧದ ಮಾತಿಗಿಳಿದರು.

"ಹುಡುಗಿ ಚಲೋ ಅದಾಳ. ಬಾಯಿ ಸ್ವಲ್ಪ ಜೋರು ಅಂತಾರಲ್ರಿ?" ಎಂದು ಹುಡುಗನ ಅಪ್ಪ ಕೇಳಿದ್ದು ಬಯಲಿನ ತುಂಬ ಕೇಳಿಸಿತು.

"ಸ್ವಲ್ಪ ಅಲ್ರಿ" ಎಂದ ನಮ್ಮ ಕಾಕಾ. ಕಂಬಳಿಯ ಮೇಲೆ ಕೂತು ಸುಳ್ಳು ಹೇಳುವಂತಿಲ್ಲವಲ್ಲ.

ಮುಂದಿನ ಸಾಲಿನಲ್ಲಿದ್ದ ತಂಗಿ ಎದ್ದು, ಮೈಕಿಲ್ಲದೆಯೇ "ಅಪ್ಪಾ, ಇಳಿ ಕೆಳಗ!" ಎಂದು ಕೂಗಿದಳು. ಡೊಳ್ಳಿನವನ ಕೈಯಿಂದ ಕೋಲು ಬಿತ್ತು. ಹುಡುಗನ ಅಪ್ಪ ಕೊರಳಲ್ಲಿ ಹಾರ ಇದ್ದ ಹಾಗೇ ಹೋಗಿ ಬಸ್ಸು ಹತ್ತಿದರು.

ಗೊಂಬೆ

ಗುಟ್ಟು ರಟ್ಟಾಯಿತು. ಕಾಕಿ ಅತ್ತಳು, ತಂಗಿ ಮಾತು ಬಿಟ್ಟಳು. ಇಬ್ಬರನ್ನು ನೋಡಿಯೂ ನನಗೆ ಪಾಪ ಅನಿಸಿತು. ಮುಂದೆ ಧನ್ವಾಡದ ಹತ್ತಿರದ ಒಂದು ಹಳ್ಳಿಯ ಮ್ಯೂಸಿಯಂಗೆ ಹೊರಟಾಗ, "ಈ ಸಲ ಯಾರೂ ಇಲ್ಲವ್ವ" ಎಂದು ಕಾಕಿ ಗಲ್ಲ ಹಿಡಿದು ಬೇಡಿಕೊಂಡದ್ದಕ್ಕೆ ತಂಗಿ ಬಂದಳು. ನಾವು ಇಳಿಯುತ್ತಿದ್ದಂತೆ ಆಟೋದಿಂದ ಒಬ್ಬ ತಾಯಿ ಮತ್ತು ಮಗ ಇಳಿದು ಕಾಕಿಗೆ ಕೈ ಮುಗಿದರು. ತಿರುಗಿ ನೋಡಿದರೆ ತಂಗಿ ಮಾಯ!

ಕಾಕಿ ಅಂಗಳವೆಲ್ಲ ಹುಡುಕತೊಡಗಿದಳು. ನಾನು ಬೀಗರನ್ನು ಒಳಗೆ ಕರೆದೊಯ್ದೆ. ಅಲ್ಲೊಂದು ಹಳೆಯ ಕಾಲದ ಮನೆ, ಒಳಗೆ ಮಣ್ಣಿನ ಗೊಂಬೆಗಳು. ಒಬ್ಬಳು ಒಲೆಯ ಮುಂದೆ, ಒಬ್ಬಳು ಮೊರ ಹಿಡಿದು, ಇನ್ನೊಬ್ಬಳು ತಲೆತುಂಬ ಕಂಬಳಿ ಹೊದ್ದು ಬೀಸುವ ಕಲ್ಲಿನ ಮುಂದೆ. ಆ ಮಬ್ಬಿನಲ್ಲೂ ಕಂಬಳಿಯ ಕೆಳಗಿನ ಚಪ್ಪಲಿಯ ಗುರುತು ನನಗೆ ಹತ್ತಿತು. ಬೀಗರಿಗೆ ಒಲೆಯ ಮುಂದಿನ ಗೊಂಬೆ ತೋರಿಸತೊಡಗಿದೆ.

ಕಲ್ಲಿನ ಮುಂದೆ ಒಬ್ಬಳೇ ಕೂತದ್ದನ್ನು ಕಂಡರೆ, ಎದುರು ಕೂತು ಕೈಗೂಡಿಸದೆ ಮುಂದೆ ಹೋಗುವುದು ನಮ್ಮ ಹೆಂಗಸರಿಗೆ ಆಗದ ಮಾತು. ಹುಡುಗನ ತಾಯಿ ಕೂತು ಗೂಟ ಹಿಡಿದು ತಿರುಗಿಸಿಯೇಬಿಟ್ಟರು. ಕಂಬಳಿಯೊಳಗಿನ ಕೈಯೂ ಜೊತೆಗೂಡಿತು.

"ಅಬ್ಬಾ, ಎಷ್ಟು ಹಗರ ತಿರಗತೈತಿ! ಇಂಥಾಕಿ ಸೊಸಿಯಾಗಿ ಬಂದ್ರ ಸಾಕಪ್ಪ. ಕೆಲಸಾನೂ ಮಾಡ್ತಾಳ, ಬಾಯೀನೂ ಇಲ್ಲ."

"ಬಾಯಿ ಐತ್ರಿ" ಎಂದಿತು ಗೊಂಬೆ. "ಜೋರು ಐತಿ."

ಅವರು ಹೌಹಾರಿದರು. ಆಮೇಲೆ ಕಂಬಳಿ ಸರಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರ್ಲಿ ಬಿಡವ್ವ. ನಮ್ಮನ್ಯಾಗ ಅಪ್ಪ, ಮಗ ಇಬ್ರೂ ಗೊಂಬಿನ. ನಾನೊಬ್ಬಾಕೀನ ಎಷ್ಟಂತ ಮಾತಾಡ್ಲಿ?"

ತಂಗಿ ಹುಡುಗನ ಕಡೆ ತಿರುಗಿದಳು. "ನಿಮಗ ಮಾತು ಬರಂಗಿಲ್ಲೇನ್ರಿ?"

"ಬರ್ತಾವ್ರಿ" ಎಂದ ಅವನು. "ಪಾಳಿ ಸಿಗಂಗಿಲ್ಲ."

ತಂಗಿ ನಕ್ಕದ್ದು ಅಂಗಳದಲ್ಲಿದ್ದ ಕಾಕಿಗೂ ಕೇಳಿಸಿ, ಅವಳು ಓಡಿ ಬಂದಳು. ಹುಡುಗನ ತಾಯಿ ಭಂಡಾರದ ಚೀಲ ಬಿಚ್ಚಿ, "ಹಚ್ಚಲೇನವ್ವ?" ಎಂದರು. ಹಣೆಗೆ ಭಂಡಾರ ಹಚ್ಚಿಸಿಕೊಂಡರೆ ಸಂಬಂಧ ಒಪ್ಪಿದ ಹಾಗೆ. ತಂಗಿ ಹುಡುಗನನ್ನು ಇನ್ನೊಮ್ಮೆ ನೋಡಿ ಹಣೆ ಮುಂದೆ ಮಾಡಿದಳು.

ಅಷ್ಟರಲ್ಲಿ ಕಾವಲುಗಾರ ಬಾಗಿಲಿಂದಲೇ ಅರಚಿದ: "ಅಮ್ಮಾ, ಗೊಂಬಿ ಮುಟ್ಟಬ್ಯಾಡ್ರಿ!"

ಕಾಕಿ ಕಣ್ಣೊರೆಸಿಕೊಳ್ಳುತ್ತ ಅವನ ಕೈ ಹಿಡಿದು ನಿಲ್ಲಿಸಿದಳು. "ಮುಟ್ಲಿ ಬಿಡಪ್ಪ! ಈ ಗೊಂಬಿ ಮುಟ್ಟೋರನ್ನ ಹುಡುಕಾಕ ನಾನು ಗದ್ವಾಲತನಕ ಬುತ್ತಿ ಕಟ್ಕೊಂಡು ಹೋಗಿ ಬಂದೀನಿ!"