ಕಾಕಾ ಕೇಳಿದ ಪ್ರಶ್ನೆ

ನಮ್ಮ ಕಾಕಾನನ್ನು, ಅಂದರೆ ಅಪ್ಪನ ಖಾಸಾ ತಮ್ಮನನ್ನು, ಯಾವ ಸಭೆಗೂ ಕರೆಯಬಾರದು; ಕರೆದರೆ ಬಾಯಿಗೆ ಬೀಗ ಹಾಕಿಸಿಯೇ ಕರೆಯಬೇಕು! ಮಾಲಗಾಂವದ ಒಂದು ಮದುವೆಯಲ್ಲಿ, "ಮುಹೂರ್ತ ಯಾರ ಗಡಿಯಾರದ್ದರಿ? ನಿಮ್ಮದು ನಾಕ ಮಿನಿಟ ಮುಂದ ಐತಿ" ಎಂದು ಪುರೋಹಿತರನ್ನೇ ತಡೆದವರು ಅವರು. ಎಲ್ಲರೂ ಗಡಿಯಾರ ಹೋಲಿಸಿ ಮುಗಿಸುವಷ್ಟರಲ್ಲಿ ವರ ಅಂತರಪಟದ ಮೇಲಿಂದ ಮೂರು ಸಲ ಇಣುಕಿದ್ದ!

ಮಿರಜದಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ, ಕೆಮ್ಮು ಹತ್ತಿದ್ದಕ್ಕೆ ಕೆಲಸ ಬಿಟ್ಟವರು. ಕಾಕಾ ಕೆಲಸ ಬಿಟ್ಟರೂ ಕೆಮ್ಮು ಕಾಕಾನನ್ನು ಬಿಡಲಿಲ್ಲ.

ಕಳೆದ ವರ್ಷ ಸಾಂಗ್ಲಿಯ ಕಾಲೇಜೊಂದರಲ್ಲಿ ನನ್ನ ಉಪನ್ಯಾಸವಿತ್ತು. ಕರೆಯದೆಯೇ ಬಂದು ಮುಂದಿನ ಸಾಲಿನಲ್ಲೇ ಕೂತರಲ್ಲ ಮಹಾಶಯರು! ಅಂಗಿಯ ತುಂಬ ಕಿಡಿ ಸಿಡಿದ ತೂತು. ನಾನು ಮರಾಠಿಯಲ್ಲಿ ಹೇಳುತ್ತಿದ್ದೆ: ಹೊಗೆ, ಲೋಹದ ಕಣ ಒಳಹೊಕ್ಕರೆ ಜೀವಕೋಶದಲ್ಲಿ ಆಮ್ಲಜನಕದ ಉಗ್ರ ರೂಪಗಳು ಹೆಚ್ಚುತ್ತವೆ. ಆಗ, ಅಲ್ಲಿಯವರೆಗೆ ಕಟ್ಟುಬಿದ್ದಿದ್ದ ಒಂದು ಪ್ರೋಟೀನು ಬಿಡಿಸಿಕೊಂಡು ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನುಗಳನ್ನು ಎಬ್ಬಿಸುತ್ತದೆ.

ಕಾಕಾ ಎದ್ದು ನಿಂತರು. "ಹೊಗಿ ನಿಂತ ಮ್ಯಾಲೂ ಉರಿ ಯಾಕ ನಿಲ್ಲಂಗಿಲ್ಲವ್ವಾ?"

ಅದೂ ಕನ್ನಡದಲ್ಲಿ! ಸಭೆ ಕಿಸಕ್ಕೆಂದಿತು. ಪ್ರಾಚಾರ್ಯರು, "ಇವರು ಯಾರು?" ಎಂದರು. ನಾನು ಏನೆಂದೆ ಗೊತ್ತೆ?

"ನಮ್ಮ ಓಣಿಯವರು."

ಕಾಕಾ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಪ್ರಾಚಾರ್ಯರಿಗೆ ಕೈಮುಗಿದು ಮರಾಠಿಯಲ್ಲಿ, "ಹೋ ಹೋ, ಗಲ್ಲೀತಲಾಚ ಮೀ" ಎಂದರು. ಹೌದು, ಓಣಿಯವನೇ! ನನ್ನ ಸುಳ್ಳಿಗೆ ತಾವೇ ಸಾಕ್ಷಿ ಹೇಳಿ, ತಮ್ಮ ಪ್ರಶ್ನೆಯನ್ನು ಮತ್ತೆ ಕೇಳದೆ ಕೂತುಬಿಟ್ಟರು. ಉಳಿದ ಅರ್ಧ ಗಂಟೆ ನಾನು ಏನು ಮಾತಾಡಿದೆನೋ, ಆ ಸಾಲಿನತ್ತ ಕಣ್ಣೆತ್ತಲಾಗಲಿಲ್ಲ.

ಸಂಜೆ ಅವರ ಮನೆಗೆ ಹೋದೆ. "ಕಾಕಾ, ನಂದು ತಪ್ಪಾತರಿ."

"ಅದಿರ್ಲಿ, ಉತ್ತರ ಹೇಳು."

ಹೇಳಿದೆ. ಉರಿಯೂತದ ಸುದ್ದಿಗೆ ಓಡಿಬರುವ ರಕ್ಷಕ ಕೋಶಗಳೂ ಅದೇ ಉಗ್ರ ಆಮ್ಲಜನಕವನ್ನು ಉಗುಳುತ್ತವೆ. ಅದು ಮತ್ತೆ ಉರಿ ಎಬ್ಬಿಸುತ್ತದೆ. ಹಾಗಾಗಿ ಹೊಗೆ ನಿಂತರೂ ಕೆಲವರಿಗೆ ಒಳಗಿನ ಉರಿ ನಿಲ್ಲುವುದಿಲ್ಲ.

ಕಾಕಾ ನನ್ನ ಹತ್ತಿರಕ್ಕೆ ಸರಿದು ಕೂತರು. "ಹಂಗಾರ ಬೀಡಿ ಸೇದಲಿಲ್ಲಂದ್ರೂ ಕೆಮ್ಮು ಇರತೈತಿ?"

ಕೆಮ್ಮಿದಾಗಲೆಲ್ಲ, ಕದ್ದು ಬೀಡಿ ಸೇದುತ್ತಾರೆಂದು ಅವರ ಹೆಂಡತಿ ಕಾಕುವಿನಿಂದ ಹಿಡಿದು ಮನೆಮಂದಿಯೆಲ್ಲ ಅವರನ್ನು ಬೈಯುತ್ತಿದ್ದೆವು. ಇಷ್ಟೆಲ್ಲ ಓದಿದ ನಾನೂ!

"ಇರತೈತಿ ಕಾಕಾ."

"ನಿಮ್ಮ ಕಾಕೂನ ಕರಿ. ಆಕಿ ಮುಂದ ಇನ್ನೊಮ್ಮೆ ಹೇಳವ್ವಾ."

ಕಾಕು ಕೈ ಒರೆಸಿಕೊಳ್ಳುತ್ತ ಬಂದು ಕೂತರು. ನಾನು ಮೊದಲಿನಿಂದ ಹೇಳತೊಡಗಿದೆ. ಕಾಕಾ ಕಾಕುವಿನ ಮುಖವನ್ನೇ ನೋಡುತ್ತಿದ್ದರು.