ಕಮರಿಪೇಟೆಯ ಪೊಟ್ಯಾಸಿಯಂ

ಪಾಠ ಹೇಳುವವನಿಗೆ ಯಾವ ಚಟವಾದರೂ ಇರಲಿ, ಮನೆಯ ಉದಾಹರಣೆ ಕೊಡುವ ಚಟ ಮಾತ್ರ ಇರಬಾರದು. ನನಗೆ ಅದೊಂದೇ ಇದೆ. ಅದೊಂದೇ ಎಂದರೆ ಸುಳ್ಳಾಗುತ್ತದೆ. ಮಿರ್ಚಿ ಭಜಿ ತಿನ್ನುವುದೂ ಇದೆ. ಡಾಕ್ಟರು ಶುಗರ್ ಎಂದು ಚೀಟಿ ಬರೆದ ದಿನವೇ ನನ್ನ ಹೆಂಡತಿ ವಿಜಯಾ ಕರಿದದ್ದನ್ನೆಲ್ಲ ಮನೆಯಿಂದ ಗಡೀಪಾರು ಮಾಡಿದಳು. ಅಂದಿನಿಂದ ಪ್ರತಿ ರವಿವಾರ ಸಂಜೆ ಗೆಳೆಯ ಬಸಣ್ಣನ ಜೊತೆ ಉಣಕಲ್ ಕೆರೆಗೆ ವಾಕಿಂಗ್ ಹೋಗುತ್ತೇನೆ. ದಂಡೆಯ ಗಾಡಿಯಲ್ಲಿ ಎರಡು ಪ್ಲೇಟ್ ಮಿರ್ಚಿ, ಒಂದು ಗಿರ್ಮಿಟ್ ಮುಗಿಸಿ, ಕೆರೆಯನ್ನು ಒಮ್ಮೆ ನೋಡಿ ವಾಪಸು ಬರುತ್ತೇನೆ. ವಾರದಲ್ಲಿ ನನಗಿರುವ ಸುಖ ಅಷ್ಟೇ.

ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವುದು ನನ್ನ ಕೆಲಸ. ಆವರ್ತ ಕೋಷ್ಟಕದ ಒಂದೇ ಗುಂಪಿನಲ್ಲಿ ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ, ಹೊರಗಿನ ಇಲೆಕ್ಟ್ರಾನ್ ಸಲೀಸಾಗಿ ಕಿತ್ತುಬರುತ್ತದೆ ಎಂದು ಮೂರು ಸಲ ಹೇಳಿದೆ. ಮಕ್ಕಳು ಬಸ್ಸು ತಪ್ಪಿದವರ ಹಾಗೆ ನೋಡಿದರು. ನನ್ನ ಚಟ ಎದ್ದು ಕೂತಿತು. ಕಮರಿಪೇಟೆಯ ನಮ್ಮ ಮನೆ ರೈಲಿನಷ್ಟು ಉದ್ದ. ಹಿಂದಿನ ಅಡಿಗೆಮನೆಯೇ ನ್ಯೂಕ್ಲಿಯಸ್, ಅಲ್ಲಿ ನಿಮ್ಮ ಮೇಡಮ್ಮು ಎಂದೆ. ದೇವರ ಕೋಣೆಯಲ್ಲಿ ಅವ್ವ, ನಡುಮನೆಯಲ್ಲಿ ಟಿವಿ ಮುಂದೆ ಕಾಕಾ, ಪಡಸಾಲೆಯಲ್ಲಿ ತಮ್ಮನ ಮಕ್ಕಳು, ನಾಲ್ಕನೆಯ ಸುತ್ತಾದ ಕಟ್ಟೆಯ ಮೇಲೆ ನಾನೊಬ್ಬನೇ. ‘ಎಲ್ಲಿ ಹೊಂಟ್ರಿ’ ಎಂಬ ಸೆಳೆತ ಇಷ್ಟು ಜನರನ್ನು ದಾಟಿ ಕಟ್ಟೆಗೆ ಬರುವಷ್ಟರಲ್ಲಿ ಸೋತು ಸುಣ್ಣವಾಗಿರುತ್ತದೆ. ಬಸಣ್ಣ ರಸ್ತೆಯಿಂದ ಮಿರ್ಚಿ ಅಂದರೆ ಸಾಕು, ಇಲೆಕ್ಟ್ರಾನ್ ಹೊರಟಿತು. ಇದು ಪೊಟ್ಯಾಸಿಯಂ. ರಾಯಾಪುರದ ಫ್ಲ್ಯಾಟಿನಲ್ಲಿರುವ ನನ್ನ ಷಡ್ಡಕ ಲಿಥಿಯಂ. ಅಡಿಗೆಮನೆಗೆ ತಾಗಿ ಹಾಲ್, ಅದರಾಚೆ ಬಾಲ್ಕನಿ, ಮುಗಿಯಿತು ಮನೆ. ಅವನನ್ನು ಅಲ್ಲಿಂದ ಕೀಳಲು ಜೆಸಿಬಿ ಬೇಕು. ಮಕ್ಕಳು ನಕ್ಕರು, ನಾನು ಉಬ್ಬಿದೆ.

ನಮ್ಮ ಮಕ್ಕಳು ನಾನು ಕೆಮ್ಮಿದರೂ ನೋಟ್ಸಿನಲ್ಲಿ ಬರೆದುಕೊಳ್ಳುವವರು ಎಂಬುದು ಆ ಗುಂಗಿನಲ್ಲಿ ಮರೆತೇಹೋಯಿತು. ಟೆಸ್ಟ್ ಆಯಿತು. ನನ್ನ ಕೂಡುವ ಲೆಕ್ಕದ ಮೇಲೆ ವಿಜಯಾಗೆ ನಂಬಿಕೆಯಿಲ್ಲದ್ದರಿಂದ ಪ್ರತಿಸಲ ಪೇಪರು ಬಿಚ್ಚಿ, ನನ್ನನ್ನು ಕೇಳಿ ಅಂಕ ಬರೆದು, ಟೋಟಲ್ ಹಾಕುವವಳು ಅವಳೇ. ಕವಿತಾ ಎಂಬ ಜಾಣ ಹುಡುಗಿಯ ಪೇಪರಿಗೆ ಬಂದು ನಿಂತಳು. ಅಲ್ಲಿ ನಮ್ಮ ಮನೆಯ ನಕ್ಷೆ ಅಚ್ಚುಕಟ್ಟಾಗಿತ್ತು. ನಡುವೆ ‘ಮೇಡಮ್’, ಹೊರಗೆ ‘ಸರ್’, ಸರ್‌ನಿಂದ ಒಂದು ಬಾಣ, ಬಾಣದ ತುದಿಗೆ ‘ಮಿರ್ಚಿ’.

ಅವಳು ಎರಡು ಸಲ ಓದಿದಳು.

“ಉತ್ತರ ಬರೋಬ್ಬರಿ ಐತೇನ್ರಿ?”

ತಪ್ಪು ಎಂದರೆ ಕವಿತಾ ಒಬ್ಬಳೇ ಅಲ್ಲ, ಕೆಳಗಿದ್ದ ಅಷ್ಟೂ ಪೇಪರುಗಳಲ್ಲಿ ಅದೇ ಮಿರ್ಚಿ ಇರುವುದು ಖಾತ್ರಿ. ಇಡೀ ಕ್ಲಾಸು ಫೇಲು. ಸರಿ ಎಂದರೆ ನನ್ನ ರವಿವಾರಕ್ಕೆ ಎಳ್ಳುನೀರು. ಬರೋಬ್ಬರಿ ಐತಿ ಎಂದೆ. ಐದಕ್ಕೆ ಐದು ಹಾಕಿದಳು.

“ಛಲೋ ಬರದಾಳ ಹುಡುಗಿ. ಎಷ್ಟು ಪ್ಲೇಟ್ ಅಂತ ಅಷ್ಟ ಬರದಿಲ್ಲ.”

ಅವಳು ಬೈಯಲಿಲ್ಲ, ಅದೇ ನನ್ನ ದುರದೃಷ್ಟ. ರವಿವಾರ ಸಂಜೆ ಬೆಳ್ಳುಳ್ಳಿ ಬುಟ್ಟಿ ಹಿಡಿದು ಬಂದು ಕಟ್ಟೆಯ ಮೇಲೆ ನನ್ನ ಪಕ್ಕಕ್ಕೇ ಕೂತಳು. ನ್ಯೂಕ್ಲಿಯಸ್ಸೇ ಎದ್ದು ಹೊರಸುತ್ತಿಗೆ ಬಂದರೆ ಏನಾಗುತ್ತದೆ ಎಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಬಸಣ್ಣ ಬಂದ, ಅವಳನ್ನು ನೋಡಿದ, ಬೆಳ್ಳುಳ್ಳಿಯ ರೇಟು ಕೇಳಿ ಹೋಗಿಬಿಟ್ಟ. ಯಾರ ಬ್ಯಾಡ ಅಂದಾರ, ವಾಕಿಂಗ್ ಹೋಗಿ ಬರ್ರಿ ಎಂದು ಅವಳೇ ಹೇಳಿದಳು. ನನಗೆ ಏಳಲು ಆಗಲಿಲ್ಲ. ಬೆಳ್ಳುಳ್ಳಿ ಬಿಡಿಸಿದೆ.

ಸೋಮವಾರ ಕ್ಲಾಸಿನಲ್ಲಿ, ಆ ಉದಾಹರಣೆಯನ್ನು ಹೊಡೆದು ಹಾಕಿರಿ ಎಂದು ಹೇಳಿ, ಪುಸ್ತಕದಲ್ಲಿದ್ದಂತೆಯೇ ಬರೆಯಿಸಿದೆ. ಯಾರಿಗೂ ಏನೂ ತಿಳಿಯಲಿಲ್ಲ, ನನಗೂ ಸಮಾಧಾನವಾಯಿತು. ಅಷ್ಟರಲ್ಲಿ ಕವಿತಾ ಎದ್ದು ನಿಂತಳು.

“ಸರ್, ಹಂಗಾದ್ರ ಆ ಇಲೆಕ್ಟ್ರಾನ್ ಏನಾತ್ರಿ?”

“ಮನ್ಯಾಗ ಐತಿ. ಕೂಡ್ರವಾ,” ಎಂದೆ.